ಅಕ್ಕ ಸಂಜೆ ನೋಡುತ್ತಿದ್ದ ಕ್ಯಾಮೆರಾ

ಅವರ ಬಲಗಣ್ಣಿನ ಸುತ್ತ ಕೆಂಪು ಬಳೆಯಂಥ ಗುರುತೊಂದು ಇರುತ್ತಿತ್ತು. ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಗೆ ಹಾಕಿದ ರಬ್ಬರು ಒತ್ತಿ ಒತ್ತಿ ಆದದ್ದು. ಬೆಳಿಗ್ಗೆ ಮಸುಕಾಗಿದ್ದು, ಸಂಜೆಯ ಹೊತ್ತಿಗೆ ಆಗತಾನೇ ಇಟ್ಟ ಕುಂಕುಮದಂತೆ ಎದ್ದು ಕಾಣುತ್ತಿತ್ತು. ನಮ್ಮ ಪತ್ರಿಕೆಯ ಫೋಟೋಗ್ರಾಫರ್ ಅವರು. ಕಚೇರಿಯಲ್ಲಿ ಎಲ್ಲರಿಗೂ ಅಕ್ಕ. ನಾನು ವರದಿಗಾರ. ಭಾನುವಾರದ ಪುಟಕ್ಕೆ ಊರಿನ ಹಳೆಯ ಬೀದಿಗಳ ಬಗ್ಗೆ ಬರೆಯುತ್ತಿದ್ದಾಗ ನನ್ನ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದರು.

ಮೊದಲು ಅವರ ಹೆಗಲಲ್ಲಿ ದೊಡ್ಡ ಕ್ಯಾಮೆರಾ ಇತ್ತು. ಒಂದು ದಿನ ಅದನ್ನು ಬಿಟ್ಟು, ಅಂಗೈಯಲ್ಲಿ ಹಿಡಿಸುವ, ಕನ್ನಡಿಯಿಲ್ಲದ ಹೊಸ ಕ್ಯಾಮೆರಾ ತಂದರು. ಲೆನ್ಸ್ ಕಳಚಿ ಒಳಗೆ ತೋರಿಸಿದರು. ಹಳೆಯದರಲ್ಲಿ ಕನ್ನಡಿ ಅಡ್ಡ ನಿಲ್ಲುತ್ತಿದ್ದ ಜಾಗ ಖಾಲಿ. ಬೆಳಕು ಹಿಡಿಯುವ ಸೆನ್ಸರ್ ಮಾತ್ರ ಹಿಂದೆ ಮಿನುಗುತ್ತಿತ್ತು.

“ನೋಡು, ಬಾಗಿಲು ತೆಗೆದ್ರೆ ನೇರ ದೇವರ ಮನೆ,” ಎಂದರು.

ಹಾಗಾಗಿ ಧೂಳಿನ ಭಯ. ಬೀದಿಯಲ್ಲಿ ಲೆನ್ಸ್ ಬದಲಿಸಬೇಕಾದಾಗ ಗೋಡೆಯ ಕಡೆ ತಿರುಗಿ, ಕ್ಯಾಮೆರಾವನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದರು. ಅಗ್ರಹಾರದ ಹೂವಿನಾಕೆ ಒಮ್ಮೆ ಕೂಗಿದಳು: “ಏನ್ ಅಕ್ಕಾರೆ, ಮಗೀನ ಮಲಗಿಸ್ತಿದ್ದೀರಾ?”

“ಹೂಂ ಕಣಮ್ಮ. ಗಾಳಿ ತಾಗಿದ್ರೆ ಇದಕ್ಕೆ ನೆಗಡಿ.”

ಅದು ಸದ್ದಿಲ್ಲದೆ ಚಿತ್ರ ತೆಗೆಯುತ್ತಿತ್ತು. ಜಗಲಿಯ ಮೇಲೆ ತೂಕಡಿಸುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ಎಚ್ಚರಾದ ಮೇಲೆ ಅಕ್ಕ ಪರದೆ ತೋರಿಸಿ ಕೇಳುತ್ತಿದ್ದರು. ಬೇಡವೆಂದರೆ ಅಲ್ಲೇ ಅಳಿಸುತ್ತಿದ್ದರು.

ಒಂದು ಮಾತ್ರ ನಮಗೆ ಅರ್ಥವಾಗುತ್ತಿರಲಿಲ್ಲ. ಚಿತ್ರಗಳು ಕಡಿಮೆ, ಬ್ಯಾಟರಿ ಮಾತ್ರ ಬೇಗ ಖಾಲಿ. “ಅಕ್ಕ, ನಿಮ್ಮ ಕ್ಯಾಮೆರಾ ಬರೀ ಕರೆಂಟ್ ಕುಡಿಯುತ್ತೆ,” ಎಂದು ಡೆಸ್ಕಿನವರು ರೇಗಿಸುತ್ತಿದ್ದರು. “ಹಸುವೇನೋ ಅದು, ಕುಡಿದಷ್ಟೂ ಹಿಂಡೋಕೆ?” ಎಂದು ಅವರು ನಕ್ಕುಬಿಡುತ್ತಿದ್ದರು. ಹೊತ್ತು ಇಳಿಯಿತೆಂದರೆ ಅವರು ಕ್ಯಾಮೆರಾವನ್ನು ಕಣ್ಣಿನಿಂದ ತೆಗೆಯುತ್ತಲೇ ಇರಲಿಲ್ಲ. ನಡೆಯುವಾಗಲೂ ಅಷ್ಟೇ. ಒಳ್ಳೆಯ ಚಿತ್ರಕ್ಕಾಗಿ ಹುಡುಕುತ್ತಿದ್ದಾರೆ ಎಂದುಕೊಂಡಿದ್ದೆ.

ಒಂದು ಸಂಜೆ ಅಗ್ರಹಾರದ ಓಣಿಯಲ್ಲಿ, ಬೀದಿದೀಪ ಹತ್ತುವ ಮುಂಚೆ, ಹಿಂದೆ ಬರುತ್ತಿದ್ದ ಅಕ್ಕ ರಸ್ತೆಯ ನಡುವೆ ನಿಂತುಬಿಟ್ಟರು. ಸ್ಕೂಟರೊಂದು ಹಾರ್ನ್ ಹೊಡೆದು ಬಳಸಿಕೊಂಡು ಹೋಯಿತು.

“ಏಯ್, ಎಲ್ಲೋ ಹೋದೆ?”

“ನಿಮ್ಮ ಎದುರಿಗೇ ಇದ್ದೀನಲ್ಲ ಅಕ್ಕ.”

ಅವರು ಚಾಚಿದ ಕೈ ನನ್ನ ಭುಜದ ಪಕ್ಕದಲ್ಲಿ ಗಾಳಿಯನ್ನು ಮುಟ್ಟಿತು. ಇನ್ನೊಂದು ಕೈಯಲ್ಲಿದ್ದ ಕ್ಯಾಮೆರಾದ ಬ್ಯಾಟರಿ ಮುಗಿದಿತ್ತು.

ಕೈ ಹಿಡಿದು ಒಂದು ಜಗಲಿಯ ಮೇಲೆ ಕೂರಿಸಿದೆ. “ಸಂಜೆ ಆದ್ಮೇಲೆ ನನಗೆ ಕಾಣಲ್ಲ ಕಣೋ,” ಎಂದರು. ಇರುಳುಗಣ್ಣು. ಗುಣವಾಗುವಂಥದ್ದಲ್ಲ, ನೋಟ ಅಂಚಿನಿಂದ ಕಿರಿದಾಗುತ್ತಾ ಬರುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಹಳೆಯ ಕ್ಯಾಮೆರಾದ ಕಿಂಡಿಯಲ್ಲಿ ಹೊರಗೆ ಕತ್ತಲಾದರೆ ಒಳಗೂ ಕತ್ತಲೆ. ಈ ಹೊಸದರಲ್ಲಿ ಕಿಂಡಿಯೊಳಗೆ ಪುಟ್ಟ ಪರದೆ ಇದೆ. ಚೂರು ಬೆಳಕನ್ನೂ ಅದು ಹೆಚ್ಚಿಸಿ ತೋರಿಸುತ್ತದೆ. ಅಕ್ಕ ಅದರಲ್ಲಿ ದಾರಿ ನೋಡಿಕೊಂಡು ನಡೆಯುತ್ತಿದ್ದರು.

“ಆಫೀಸಲ್ಲಿ ಹೇಳ್ಬುಟ್ಟೀಯ ಮತ್ತೆ!”

“ಕೆಲಸದ ಚಿಂತೆನಾ ಅಕ್ಕ?”

“ಕೆಲಸ ಹೋದ್ರೆ ಹೋಗ್ಲಿ. ಸಂಜೆ ಹೋಗ್ಬಾರ್ದು ಕಣೋ.”

ಬ್ಯಾಗಿನ ತಳದಲ್ಲಿ ಇನ್ನೊಂದು ಬ್ಯಾಟರಿ ಸಿಕ್ಕಿತು. ಹಾಕಿಕೊಟ್ಟೆ. ಒಮ್ಮೆ ನೀನೂ ನೋಡು ಎಂದರು. ಕಿಂಡಿಯೊಳಗೆ ಬೀದಿ ತಿಳಿ ನೀಲಿಯಾಗಿತ್ತು. ಎಲ್ಲದರ ಮೇಲೂ ಸಣ್ಣ ರವೆ ಉದುರಿಸಿದಂತಿತ್ತು. ನಡೆದು ಹೋಗುವವರ ಕೈಗಳು ಅವರ ಹಿಂದೆ ಸ್ವಲ್ಪ ತಡವಾಗಿ ಬರುತ್ತಿದ್ದವು, ನೀರೊಳಗೆ ನಡೆದಂತೆ. ನನಗೆ ಬರೀ ಕಪ್ಪಾಗಿ ಕಂಡಿದ್ದ ಎದುರು ಮನೆಯ ಮೂಲೆಯಲ್ಲಿ ಬಿಳಿ ಬೆಕ್ಕೊಂದು ಕೂತು ನಮ್ಮನ್ನೇ ನೋಡುತ್ತಿತ್ತು. ಕ್ಯಾಮೆರಾ ಇಳಿಸಿದೆ. ಬರಿಗಣ್ಣಿಗೆ ಬೆಕ್ಕು ಇರಲಿಲ್ಲ.

“ಕಾಣ್ತಾ?” ಎಂದು ಕೇಳಿದರು. ದನಿಯಲ್ಲಿ ತಮ್ಮ ಮನೆ ತೋರಿಸುವವರ ಹೆಮ್ಮೆ ಇತ್ತು.

ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಪರದೆ ಎಷ್ಟು ಬೆಳಗಿದರೂ ಅದರ ನಡುವಿನ ಚೂರಷ್ಟೇ ಕಾಣತೊಡಗಿತು. ಅಕ್ಕ ತಾವೇ ಕೆಲಸ ಬಿಟ್ಟರು. ಯೋಗ ಕಲಿಯಲು ವಿದೇಶಿಯರು ಬರುವ ಗೋಕುಲಂ ಬಡಾವಣೆಯಲ್ಲಿ, ತಂಗಿಯ ಮನೆಯಲ್ಲಿದ್ದರು. ರಜೆಯ ದಿನ ಸಂಜೆ ಹೋದರೆ ನನ್ನನ್ನು ತಾರಸಿಗೆ ಕರೆದೊಯ್ದು, ಕ್ಯಾಮೆರಾ ನನ್ನ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂರುತ್ತಿದ್ದರು.

“ಹೇಳು.”

“ಆಕಾಶ ತುಂಬಾ ಚೆನ್ನಾಗಿದೆ ಅಕ್ಕ.”

“ಚೆನ್ನಾಗಿದೆ ಅನ್ನೋದು ಕಾಣಲ್ಲ ಕಣೋ. ಏನಿದೆ ಹೇಳು.”

“ಒಬ್ಬ ಫಾರಿನ್ನವನು ಯೋಗದ ಚಾಪೆ ಸುತ್ತಿ ಹಿಡ್ಕೊಂಡು ಹೋಗ್ತಿದ್ದಾನೆ.”

“ಎಡಗಂಕುಳಲ್ಲೋ, ಬಲಗಂಕುಳಲ್ಲೋ?”

“ಎಡಗಡೆ. ಬಲಗೈಲಿ ಎಳನೀರು.”

“ಬಿಸ್ಲು ಎಲ್ಲಿದೆ?”

“ನೆಲದಲ್ಲಿಲ್ಲ. ಮರದ ತುದೀಲಿದೆ.”

ಕಣ್ಣು ಮುಚ್ಚಿಕೊಂಡು, “ಹಾಂ, ಬಂತು,” ಎನ್ನುತ್ತಿದ್ದರು.

ವರದಿ ಬರೆಯುವುದನ್ನು ನಾನು ಕಚೇರಿಯಲ್ಲಿ ಕಲಿತೆ. ನೋಡುವುದನ್ನು ಕಲಿತದ್ದು ಆ ತಾರಸಿಯಲ್ಲಿ.

ಕಳೆದ ಚಳಿಗಾಲದಲ್ಲಿ ಅಕ್ಕ ನಿದ್ದೆಯಲ್ಲೇ ಹೋದರು. ಎಲ್ಲ ಮುಗಿಸಿ ಬಂದ ಸಂಜೆ ನಾನೊಬ್ಬನೇ ಅದೇ ತಾರಸಿಗೆ ಹೋದೆ. ಕ್ಯಾಮೆರಾ ಕೆಳಗೇ ಇತ್ತು. ಅವರಿಗೆ ಹೇಳುವ ಹಾಗೆಯೇ ಮೆಲ್ಲಗೆ ಹೇಳಿದೆ: ಎದುರು ತಾರಸಿಯಲ್ಲಿ ಒಬ್ಬಾಕೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಳೆ. ಉಳಿದದ್ದು ಮಗುವಿನ ಅಂಗಿ, ಒಂದೇ ಕ್ಲಿಪ್ಪಿನಲ್ಲಿ. ಗಾಳಿಗೆ ತೋಳು ಏಳುತ್ತಿದೆ, ಇಳಿಯುತ್ತಿದೆ. ನೀಲಿಯೋ ಹಸಿರೋ, ಈ ಬೆಳಕಿನಲ್ಲಿ ಹೇಳಲಾಗುತ್ತಿಲ್ಲ. ಅದನ್ನೂ ತೆಗೆದುಕೊಂಡಳು. ಒಳಗೆ ಹೋದಳು. ಹಗ್ಗ ಇನ್ನೂ ಅಲ್ಲಾಡುತ್ತಿದೆ.