ಪಡಸಾಲೆಯ ಮೇಲೊಂದು ನೆಲ

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅವ್ವನನ್ನೂ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ. ಮಣ್ಣಿಗೆ ಒಯ್ಯುವವರೆಗೆ ಹಾಗೆಯೇ ಕುಳಿತಿದ್ದಳು. ಇಷ್ಟು ಖಚಿತ. ಯಾವ ಗೋಡೆಗೆ ಎಂಬುದು ಖಚಿತವಲ್ಲ. ನನ್ನ ನೆನಪಿನಲ್ಲಿ ಅದು ಕಿಟಕಿಯ ಪಕ್ಕದ ಗೋಡೆ. ಅಕ್ಕನ ನೆನಪಿನಲ್ಲಿ ಅದರ ಎದುರಿನದು, ದೇವರ ಕೋಣೆಯ ಬಾಗಿಲ ಬದಿಯದು. ಇಬ್ಬರೂ ಅವತ್ತು ಆ ಕೋಣೆಯಲ್ಲೇ ಇದ್ದೆವು.

ನಾನು ಅಳಲಿಲ್ಲ. ಬೇಕೆಂದು ತಡೆದುಕೊಂಡದ್ದಲ್ಲ, ತಡೆಯುವಂಥದ್ದು ಏನೂ ಬರಲಿಲ್ಲ. ರಜೆ ಮುಗಿದ ಮೇಲೆ ಎಂದಿನಂತೆ ಬಸ್ಸು ಹಿಡಿದು ಬಾದಾಮಿಯ ಕಾಲೇಜಿಗೆ ಹೋದೆ, ಪಾಠ ಮಾಡಿದೆ, ಸಂಜೆ ಬಾಗಲಕೋಟೆಗೆ ಮರಳಿದೆ. ದಿನಚರಿಯಲ್ಲಿ ಬಿಸಿಲು ಎಷ್ಟಿತ್ತೆಂದು ಬರೆದೆ.

ಅಕ್ಕನಿಗೆ ಹಾಗಾಗಲಿಲ್ಲ. ಅವಳು ಪಡಸಾಲೆಯ ಕಲ್ಲಿನ ನೆಲದ ಮೇಲೆ ಕಾಲಿಡುವುದನ್ನೇ ಬಿಟ್ಟಳು. ಅಡಿಗೆಮನೆಯಿಂದ ಹಿತ್ತಿಲಿಗೆ ಇಳಿದು, ಕಾಂಪೌಂಡಿನ ಸಂದಿಯಲ್ಲಿ ಸುತ್ತಿ ಮುಂಬಾಗಿಲಿಗೆ ಬರುತ್ತಿದ್ದಳು. ಮನೆಯಲ್ಲೇ ಇಳಕಲ್ ಸೀರೆಗಳಿಗೆ ಫಾಲ್ ಹಚ್ಚಿಕೊಡುವುದು ಅವಳ ಕೆಲಸ. ಸೀರೆ ಕೊಡಲು ಬಂದ ಹೆಂಗಸರು ಬಾಗಿಲಲ್ಲಿ ನಿಂತು ಕೂಗಿದರೆ ಅಕ್ಕ ಬಿಸಿಲಲ್ಲಿ ಮನೆ ಸುತ್ತಿ ಬರುತ್ತಿದ್ದಳು. ಯಾಕೆಂದು ಅವರು ಕೇಳುತ್ತಿರಲಿಲ್ಲ.

ನಾನು ಕೇಳಿದೆ.

“ಆ ಕಲ್ಲಿನ ಮ್ಯಾಲ ಕಾಲಿಟ್ರ ಅವ್ವನ ತೊಡಿ ತುಳದಂಗ ಆಗ್ತೈತಿ,” ಎಂದಳು.

“ಯಾವ ಕಲ್ಲು ಅಕ್ಕಾ? ಅದನ್ನ ಬಿಟ್ಟು ನಡಿ.”

“ನೀ ಒಂದು ಕಡೆ ಅಂತಿ, ನಾ ಒಂದು ಕಡೆ ಅಂತೇನಿ. ಯಾವದು ಬಿಡ್ಲಿ?”

ಜಮಖಾನೆ ಹಾಸೋಣವೆಂದೆ. “ಜಮಖಾನಿ ಮಡಚಬಹುದು. ಮಡಚಾಕ ಬರಲಾರದ್ದು ಹಾಸಿಸು. ಇಲ್ಲಂದ್ರ ನಾ ಇಳಕಲ್ಲಿಗೆ ಹೋಗ್ತೇನಿ. ಕಾಕಿ ಮನ್ಯಾಗ ಒಂದು ಖೋಲಿ ಖಾಲಿ ಐತಿ.” ಅದು ಬೆದರಿಕೆಯ ದನಿಯಲ್ಲ. ಅವಳು ಆಗಲೇ ಹೊಲಿಗೆಯ ಡಬ್ಬಿಗಳನ್ನು ಒಂದು ಚೀಲಕ್ಕೆ ತುಂಬಿಟ್ಟಿದ್ದಳು.

ಅಕ್ಕ ಹೋದರೆ ನನಗೆ ಏನನ್ನಿಸುತ್ತದೆ ಎಂದು ಯೋಚಿಸಲು ಪ್ರಯತ್ನಿಸಿದೆ. ಏನೂ ಅನ್ನಿಸಲಿಲ್ಲ. ಅವಳನ್ನು ಉಳಿಸಿಕೊಳ್ಳಬೇಕೆಂದು ನಿರ್ಧರಿಸಿದ್ದು ಅದೇ ಕಾರಣಕ್ಕಿರಬಹುದು. ಅಥವಾ ಹಾಗೆಂದು ಈಗ ಬರೆಯುತ್ತಿದ್ದೇನೆ.

ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಅಕ್ಕ ಲ್ಯಾಮಿನೇಟ್ ನೆಲ, ಮರದಂಥ ಹಲಗೆಗಳನ್ನು ಜೋಡಿಸಿ ಹಾಸುವಂಥದ್ದು, ನೋಡಿದ್ದಳು. ಅದನ್ನು ಹಾಕಿದವನು ಹುನಗುಂದದವನು, ಅವನನ್ನೇ ಕರೆಸಿದೆವು. ಬಂದವನು ಚಪ್ಪಲಿ ಬಿಟ್ಟು ಒಳಗೆ ಬಂದು, ನೆಲ ನೋಡಿ ಹಾಗೇ ನಿಂತ. ಹಳೆಯ ಊರಿನ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ನವನಗರದಲ್ಲಿ ಈ ಮನೆ ಕಟ್ಟಿಸುವಾಗ ಅವ್ವ ತಾನೇ ಇಳಕಲ್ಲಿಗೆ ಹೋಗಿ ಆರಿಸಿ ತಂದ ಕೆಂಪು ಕಲ್ಲು.

“ಮೇಡಮ್ಮಾರ, ಇಂಥಾ ಕಲ್ಲ ಮುಚ್ಚತೀರಿ? ಮಂದಿ ಹುಡುಕ್ಕೊಂಡು ಬಂದು ಒಯ್ತಾರ್ರಿ ಇದನ್ನ.”

ಅಡಿಗೆಮನೆಯ ಹೊಸ್ತಿಲಲ್ಲಿ ನಿಂತ ಅಕ್ಕ ಅಂದಳು: “ನಿಮ್ಮ ಮನಿಗಿ ಬೇಕಾದ್ರ ಹುಡುಕ್ಕೊಳ್ರಿ. ನಮ್ಮ ಮನ್ಯಾಗ ಮುಚ್ರಿ.”

“ಮುಚ್ಚೂದ ನನ್ನ ಉದ್ಯೋಗ ಬಿಡ್ರಿ ಅಕ್ಕಾರ,” ಎಂದು ಅವನು ನಕ್ಕ.

ಹಲಗೆಗಳ ಪೆಟ್ಟಿಗೆಗಳು ಬಂದವು. ಕೋಣೆಯ ಹವೆಗೆ ಹೊಂದಿಕೊಳ್ಳಲೆಂದು ಅವನ್ನು ಪಡಸಾಲೆಯಲ್ಲೇ ಒಟ್ಟಿ, ಕೆಲಸ ಶುರು ಮಾಡಲು ಎರಡು ದಿನ ಬಿಟ್ಟು ಬಂದ. ಕಲ್ಲಿನ ಮೇಲೆ ಬಿಳಿಯ ತೆಳು ಫೋಮ್ ಹಾಸಿದ. ಅದು ನೆಲವನ್ನು ಮುಚ್ಚುತ್ತ ಹೋದಂತೆ ನಾನು ಕಿಟಕಿಯ ಬದಿಯ ಕಲ್ಲನ್ನು ನೋಡಿದೆ. ಅಲ್ಲಿ ಒಂದು ಎಣ್ಣೆಯ ಕಲೆ ಇತ್ತು. ಅವ್ವನ ಮುಂದೆ ಹಚ್ಚಿಟ್ಟ ದೀಪದ್ದೆಂದು ನಾನು ನಂಬಿದ್ದೆ, ನನ್ನ ನೆನಪಿಗೆ ಅದೊಂದೇ ಸಾಕ್ಷಿ. ಅಕ್ಕನಿಗೆ ತೋರಿಸಿದೆ.

“ಅದಾ? ಅವ್ವ ಕುಸುಬಿ ಎಣ್ಣಿ ಕ್ಯಾನ್ ಚೆಲ್ಲಿದ್ಲಲ್ಲ, ಅದು. ನೀ ಆವಾಗ ಧಾರವಾಡದಾಗ ಓದಾಕತ್ತಿದ್ದಿ.”

ಫೋಮ್ ಕಲೆಯ ಮೇಲೂ ಬಂತು. ಹಲಗೆಯ ಅಂಚಿಗೆ ಹಲಗೆಯ ಅಂಚು ಸೇರಿಸಿ, ಓರೆಯಾಗಿ ಹಿಡಿದು ಒತ್ತಿದರೆ ಟಕ್ಕೆಂದು ಕೂರುತ್ತಿತ್ತು. ಕೂರದಿದ್ದರೆ ಮರದ ತುಂಡು ಅಡ್ಡ ಇಟ್ಟು ರಬ್ಬರ್ ಸುತ್ತಿಗೆಯಿಂದ ಬಡಿಯುತ್ತಿದ್ದ. ಗೋಡೆಯ ಬುಡದಲ್ಲಿ ಸುತ್ತಲೂ ಬೆರಳಿನಷ್ಟು ಸಂದಿ ಬಿಟ್ಟು, ಕೊನೆಗೆ ಅದನ್ನು ಪಟ್ಟಿಯಿಂದ ಮುಚ್ಚಿದ. ನೆಲ ಎತ್ತರವಾದ್ದರಿಂದ ಬಾಗಿಲುಗಳ ಬುಡ ಕೊಯ್ಯಬೇಕಾಯಿತು. ಹೋಗುವಾಗ ಹೇಳಿದ: “ನೀರು ಸುರವಬ್ಯಾಡ್ರಿ. ಅರಿವಿ ಹಿಂಡಿ ಒರಸ್ರಿ, ಅಷ್ಟ.”

ಅಕ್ಕ ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. ಮುಂಬಾಗಿಲಿನವರೆಗೆ ಹೋಗಿ ತಿರುಗಿ ಬಂದಳು.

“ಟೊಳ್ಳ ಸಪ್ಪಳ ಬರ್ತೈತಿ. ಬರ್ಲಿ ಬಿಡು,” ಎಂದಳು. ಚೀಲದಿಂದ ಡಬ್ಬಿಗಳು ಹೊರಬಂದವು.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ನಾನು ನನ್ನ ಕೋಣೆಯಲ್ಲಿ ಸೀರೆ ಉಡುತ್ತಿದ್ದೆ. ಹೊರಗೆ ನೀರು ಚೆಲ್ಲಿದ ಸಪ್ಪಳ, ಅದರ ಹಿಂದೆಯೇ ಒದ್ದೆ ನೆಲದ ಮೇಲೆ ಕಸಬರಿಗೆಯ ಸಪ್ಪಳ. ಚಿಕ್ಕಂದಿನಿಂದ ಪ್ರತಿ ಅಮಾವಾಸ್ಯೆಗೂ ಕೇಳಿದ್ದು. ಒಳಗಿನಿಂದ ಹೊರಗೆ, ಕೊಡಗಟ್ಟಲೆ ನೀರು ಸುರಿದು ಮನೆಯಿಡೀ ತೊಳೆಯುವುದು ನಮ್ಮ ಮನೆಯ ರೂಢಿ. ಅವ್ವ ಮಾಡುತ್ತಿದ್ದಳು, ಅವಳ ಮೊಣಕಾಲು ಹೋದ ಮೇಲೆ ಅಕ್ಕ. ಏನೋ ತಪ್ಪಾಗಿದೆ ಎಂದು ನನಗೆ ಅನ್ನಿಸಲೇ ಇಲ್ಲ. ನೆರಿಗೆ ಸಿಕ್ಕಿಸಿಕೊಂಡೇ ಹೊರಗೆ ಬಂದೆ.

ಅಕ್ಕ ಸೀರೆ ಮೇಲೆ ಕಟ್ಟಿಕೊಂಡು ಪಡಸಾಲೆಯ ನಡುವೆ ನಿಂತಿದ್ದಳು. ನೀರು ಹಲಗೆಗಳ ಮೇಲೆ ಹೊಳೆಯುತ್ತಿತ್ತು. ಅವಳು ನನ್ನ ಮುಖ ನೋಡಿ, ಆಮೇಲೆ ನೆಲ ನೋಡಿದಳು.

“ಅಯ್ಯ ನನ್ನ ಕೈ ಸುಟ್ಟಬರ್ಲಿ,” ಎಂದಳು.

ಕೈಗೆ ಸಿಕ್ಕ ಹಳೆಯ ಸೀರೆಗಳನ್ನೆಲ್ಲ ಎಸೆದು ಒರೆಸಿದೆವು. ಬಸ್ಸು ತಪ್ಪಿತು. ಮೇಲಿನ ನೀರು ಹೋಯಿತು, ಗೋಡೆಯ ಸಂದಿಗೆ ಇಳಿದದ್ದು ಒಳಗೇ ಉಳಿಯಿತು. ಕೆಲವು ದಿನಗಳಲ್ಲಿ ಹಲಗೆಗಳ ಅಂಚುಗಳು ಉಬ್ಬಿದವು. ಕೋಣೆಯ ನಡುವೆ ನೆಲ ಚಪಾತಿಯ ಹಾಗೆ ಏಳತೊಡಗಿತು. ಅಕ್ಕ ಮತ್ತೆ ಹಿತ್ತಿಲಿನಿಂದ ಸುತ್ತಿ ಬರತೊಡಗಿದಳು.

ಹುನಗುಂದದವನು ಬಂದು ಮೊಣಕಾಲೂರಿ ನೋಡಿದ.

“ನೀರು ಸುರವೀರಿ?”

“ಅಮಾಸಿ ಇತ್ತಪಾ,” ಎಂದಳು ಅಕ್ಕ, ಹೊಸ್ತಿಲಲ್ಲೇ ನಿಂತು.

“ಅಮಾಸಿ ನಿಮಗ ಗೊತ್ರಿ ಅಕ್ಕಾರ. ಕಟ್ಟಿಗಿಗಿ ಯಾರು ಹೇಳಬೇಕು?”

ಅಕ್ಕ ನಕ್ಕಳು. ಅವ್ವ ಹೋದ ಮೇಲೆ ಅವಳು ನಕ್ಕದ್ದು ನಾನು ಕಂಡಂತೆ ಅದೇ ಮೊದಲು. ನಾನಿಲ್ಲದಾಗ ನಕ್ಕಿರಬಹುದು.

ಉಬ್ಬಿದ ಹಲಗೆಗಳನ್ನು ಅವನು ಕಿತ್ತ. ಒದ್ದೆ ಫೋಮ್ ಕೊಯ್ದು ತೆಗೆದ. ಪಡಸಾಲೆಯ ನಡುವೆ, ಎರಡೂ ಗೋಡೆಗಳಿಂದ ದೂರ, ಕೆಂಪು ಕಲ್ಲು ಕಂಡಿತು. ನೀರು ಇನ್ನೂ ಅಲ್ಲೇ ನಿಂತಿತ್ತು. ಅವನು ಚಿಂದಿಗಾಗಿ ಅತ್ತಿತ್ತ ನೋಡುವಷ್ಟರಲ್ಲಿ ಅಕ್ಕ ಹೊಸ್ತಿಲು ದಾಟಿ ಬಂದು, ಕುಕ್ಕರಗಾಲಿನಲ್ಲಿ ಕೂತು, ಸೆರಗಿನಿಂದ ಕಲ್ಲು ಒರೆಸಿದಳು. ಮೂಲೆಗಳನ್ನೂ ಒರೆಸಿದಳು. ಆಮೇಲೆ ಅಂಗೈ ಇಟ್ಟು ನೋಡಿದಳು.

“ಇದು ಪೂರಾ ಆರಬೇಕ್ರಿ. ಆಮ್ಯಾಲ ಹೊಸಾ ಹಲಗಿ ಹಾಕೋಣ,” ಎಂದ ಅವನು. “ಯಾವಾಗ ಬರ್ಲಿ?”

“ಆರಲಿ. ನಾ ಹೇಳಿಕಳಸ್ತೇನಿ.”

ಅವನು ಹೋದ. ಮುಂದೆ ಆಗುವುದಕ್ಕಾಗಿ ಕಾದೆ: ಅವಳು ಎದ್ದು ಹೋಗುತ್ತಾಳೆ, ಚೀಲ ತೆಗೆಯುತ್ತಾಳೆ. ಅವಳು ಹಾಗೇ ಕಲ್ಲಿನ ಮೇಲೆ ಕಾಲು ಮಡಚಿ ಕೂತಳು.

“ಇಲ್ಲೆ ಕುಂಡ್ರಿಸಿದ್ರೇನ?” ಎಂದು ಕೇಳಿದಳು.

“ಇಲ್ಲಿ ಒರಗಾಕ ಗ್ವಾಡಿ ಎಲ್ಲೈತಿ ಅಕ್ಕಾ?”

“ಅದೂ ಖರೆ,” ಎಂದಳು. “ಆ ಟೋಪ ಸೆರಗಿನ ಇಳಕಲ್ ಸೀರಿ ಕೊಡು ಇಲ್ಲಿ, ನಾಳೆ ಕೊಡಬೇಕು.”

ಕೊಟ್ಟೆ. ಅವಳು ಅಲ್ಲೇ ಕೂತು ಫಾಲ್ ಹಚ್ಚಿದಳು.

ಕಲ್ಲು ಆರಿ ಬಹಳ ದಿನವಾಯಿತು. ಅವಳು ಹೇಳಿಕಳಿಸಿಲ್ಲ. ಹಲಗೆಗಳ ನಡುವೆ ಆ ತೆರವು ಹಾಗೇ ಇದೆ; ಅಕ್ಕ ಅದನ್ನು ತುಳಿದುಕೊಂಡೇ ಮುಂಬಾಗಿಲಿಗೆ ಹೋಗುತ್ತಾಳೆ, ಅಮಾವಾಸ್ಯೆಗೆ ಅದಷ್ಟಕ್ಕೆ ಒಂದು ತಂಬಿಗೆ ನೀರು ಹಾಕಿ ತೊಳೆದು, ಹಲಗೆಗೆ ತಾಗದಂತೆ ಒರೆಸುತ್ತಾಳೆ. ಇವತ್ತು ಕಾಲೇಜಿನಿಂದ ಬಂದು ನಾನೂ ಅಲ್ಲಿ ನಿಂತೆ. ಕಲ್ಲು ತಣ್ಣಗಿತ್ತು. ಅಷ್ಟನ್ನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ.