ಯಾರ ದಿನವೂ ಅಲ್ಲದ ಬುಧವಾರ

ಆ ವರ್ಷಗಳನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಮಂಜು. ದೆಹಲಿಯ ಆರ್.ಕೆ.ಪುರಂನ ನಮ್ಮ ಸರಕಾರಿ ಕ್ವಾರ್ಟರ್ಸಿನಿಂದ ಹೊರಟು, ಎರಡು ಬಸ್ಸು ಬದಲಿಸಿ ಫರೀದಾಬಾದ್ ತಲುಪುವಷ್ಟರಲ್ಲಿ ನಾನು ಅರ್ಧ ನಿದ್ದೆ ಮುಗಿಸಿರುತ್ತಿದ್ದೆ. ಜನವರಿಯ ಬೆಳಗಿನಲ್ಲಿ ಕಿಟಕಿಯಾಚೆ ರಸ್ತೆಯೇ ಇರುತ್ತಿರಲಿಲ್ಲ. ಬಿಳುಪಿನೊಳಗಿಂದ ಒಂದು ಹಸು, ಚಹಾದಂಗಡಿಯ ಬೆಂಕಿ, ಕಾರ್ಖಾನೆಯ ಗೇಟು ತಾವಾಗಿ ಮೂಡಿ ತಾವಾಗಿಯೇ ಕರಗುತ್ತಿದ್ದವು. ಎಚ್ಚರವೋ ಕನಸೋ ಗೊತ್ತಾಗದ ಆ ಹೊತ್ತು ನನಗೆ ಬಹಳ ಇಷ್ಟ. ಇಳಿಯುವ ಸ್ಟಾಪು ತಪ್ಪಿಸಿಕೊಂಡು ಕಂಡಕ್ಟರನಿಂದ ಎಷ್ಟೋ ಸಲ ಬೈಸಿಕೊಂಡಿದ್ದೇನೆ.

ಎರಡು ಸಾವಿರದ ಆ ದಶಕದಲ್ಲಿ ನಾನೊಂದು ಸಣ್ಣ ಸಂಸ್ಥೆಯಲ್ಲಿದ್ದೆ. ಮನಸ್ಸಿನ ಕಾಯಿಲೆಯಿಂದ ಮುರಿದುಬೀಳುವಂತಾದ ಮನೆಗಳಿಗೆ, ಅದರಲ್ಲೂ ಮಕ್ಕಳಿರುವ ಮನೆಗಳಿಗೆ, ನಮ್ಮ ತಂಡ ಹೋಗುತ್ತಿತ್ತು. ತಂಡವೆಂದರೆ ನಾಲ್ಕೇ ಜನ: ಮನೋವೈದ್ಯರಾದ ಒಬ್ಬ ಬಂಗಾಳಿ ಡಾಕ್ಟರು, ಆಟವಾಡುತ್ತಲೇ ಮಕ್ಕಳನ್ನು ಮಾತಿಗೆಳೆಯುವ ಆಪ್ತಸಲಹೆಗಾರ್ತಿ, ಶಾಲೆಗೂ ಆಸ್ಪತ್ರೆಗೂ ಮೋಟಾರ್‌ಸೈಕಲ್ಲಿನಲ್ಲಿ ಓಡಾಡುವ ಹರಿಯಾಣದ ಸಮಾಜ ಕಾರ್ಯಕರ್ತ, ಈ ಮೂವರನ್ನೂ ಹಿಡಿದು ಕೂರಿಸಿ ಕೆಲಸ ಹಂಚುವ ನಾನು. ಯಾರು ಯಾವ ದಿನ ಯಾವ ಮನೆಗೆ ಎಂದು ಗೋಡೆಯ ಮೇಲೆ ಬಣ್ಣಬಣ್ಣದ ಚಾರ್ಟ್ ಬರೆದು ಅಂಟಿಸಿದ್ದೆ. ಅದನ್ನು ನೋಡಿದಾಗಲೆಲ್ಲ ನನಗೆ ಒಳಗೊಳಗೇ ಹೆಮ್ಮೆ. ನನ್ನ ಗಂಡ ಮಾತ್ರ, "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಛೇಡಿಸುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ.

ಆ ಚಾರ್ಟಿನಲ್ಲಿ ಅತಿ ಹೆಚ್ಚು ಬಣ್ಣ ಬಿದ್ದದ್ದು ಫರೀದಾಬಾದಿನ ಒಂದು ಕನ್ನಡದ ಮನೆಗೆ. ಕರಾವಳಿಯವರು. ಗಂಡ ಕಾರ್ಖಾನೆಗಳ ನಡುವೆ ಇಡ್ಲಿ-ದೋಸೆಯ ಸಣ್ಣ ಹೋಟೆಲು ನಡೆಸುತ್ತಿದ್ದರು. ಬೆಳಗಿನ ಜಾವ ಹೋದರೆ ಬರುವುದು ಮಲಗುವ ಹೊತ್ತಿಗೆ. ಹೆಂಡತಿಗೆ ವಿಪರೀತ ಖಿನ್ನತೆ. ದೀಪಾವಳಿಯ ಹೊತ್ತಿಗೆ ಒಮ್ಮೆ ಜೀವ ಕಳೆದುಕೊಳ್ಳಲು ಹೋಗಿ ಉಳಿದಿದ್ದಳು. ಆ ಸ್ಥಿತಿಯಲ್ಲಿ ಅವಳನ್ನು ಮೊದಲು ಕಂಡದ್ದು ಶಾಲೆಯಿಂದ ಬಂದ ಹತ್ತು ವರ್ಷದ ಮಗಳು. ಆಸ್ಪತ್ರೆಯಿಂದ ಬಿಡಿಸಿಕೊಂಡು ಬಂದ ಮೇಲೆ ಆ ತಾಯಿ-ಮಗಳು ನಮ್ಮ ಪಾಲಿಗೆ ಬಂದರು. ಮಾತ್ರೆಗಳೆಲ್ಲ ಗಂಡನ ಬಳಿ ಬೀಗದೊಳಗೆ. ಕೆಳಗಿನ ಮನೆಯ ಪಂಜಾಬಿ ಅಜ್ಜಿಯ ಹತ್ತಿರ ಬಾಗಿಲಿನ ಇನ್ನೊಂದು ಕೀಲಿ.

ಅವರನ್ನು ಒಂಟಿಯಾಗಿ ಬಿಡಬಾರದೆಂದು ನಾನೇ ಉಪಾಯ ಹೂಡಿದೆ. ಎಲ್ಲರೂ ಒಟ್ಟಿಗೆ ಹೋಗುವುದು ಬೇಡ, ಸೋಮವಾರ ನಾನು, ಮಂಗಳವಾರ ಸಲಹೆಗಾರ್ತಿ, ಗುರುವಾರ ಡಾಕ್ಟರು, ಶುಕ್ರವಾರ ಸಮಾಜ ಕಾರ್ಯಕರ್ತ. ಬುಧವಾರ ಆಫೀಸಿನ ಮೀಟಿಂಗು, ಆದ್ದರಿಂದ ಯಾರದೂ ಅಲ್ಲ.

ನನ್ನ ಸೋಮವಾರಗಳು ಚೆನ್ನಾಗಿದ್ದವು, ಸುಳ್ಳೇಕೆ ಹೇಳಲಿ. ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ತಿಳಿ ಬಿಸಿಲು ಹಾಸಿರುತ್ತಿತ್ತು. ತಲೆ ಬಾಚಿ, ಹಣೆಗಿಟ್ಟು, ಒಗೆದ ಸೀರೆಯುಟ್ಟ ಅವಳು ಬಾಗಿಲು ತೆರೆದು ಊರ ಪದ್ಧತಿಯಂತೆ ಮೊದಲು ಬೆಲ್ಲ-ನೀರು ಕೊಡುತ್ತಿದ್ದಳು. ಆಮೇಲೆ ನೀರುದೋಸೆ, ಕಾಯಿಚಟ್ನಿ. "ಬೇಡ ಮಾರಾಯ್ತಿ" ಎಂದು ಅವಳ ಮಾತಿನಲ್ಲೇ ಹೇಳಿದರೆ, "ಮನೆಗೆ ಬಂದವರನ್ನು ಹಾಗೇ ಕಳಿಸ್ಲಿಕ್ಕೆ ಆಗ್ತದಾ?" ಎನ್ನುತ್ತಿದ್ದಳು. ದೆಹಲಿಯ ರಾಜ್ಮಾ ತಿಂದು ಬೇಸತ್ತಿದ್ದ ನಾನು ಮೂರು, ನಾಲ್ಕು ದೋಸೆ ಇಳಿಸುತ್ತಿದ್ದೆ. ಹುಡುಗಿ ಮೂಲೆಯಲ್ಲಿ ನಿಂತು ಅಮ್ಮನ ಕೈಯನ್ನೇ ನೋಡುತ್ತಿರುತ್ತಿದ್ದಳು. ಯಾಕೆ ಶಾಲೆಗೆ ಹೋಗಿಲ್ಲವೆಂದು ಕೇಳಿದರೆ, "ಪೇಟ್ ಮೇ ದರ್ದ್ ಹೈ ಆಂಟಿ, ಹೊಟ್ಟೆ ನೋವು" ಎನ್ನುತ್ತಿದ್ದಳು.

ಬುಧವಾರದ ಮೀಟಿಂಗಿನಲ್ಲಿ ಎಲ್ಲರ ವರದಿಯೂ ಒಂದೇ. ತಾಯಿ ಲವಲವಿಕೆಯಿಂದಿದ್ದಾರೆ, ಅಡುಗೆ ಮಾಡಿ ಬಡಿಸಿದರು. ಡಾಕ್ಟರು ತಮಗೆ ಸಿಕ್ಕ ಗೋಳಿಬಜೆಯ ಬಗ್ಗೆ ಐದು ನಿಮಿಷ ಮಾತಾಡುತ್ತಿದ್ದರು. ಮಗಳದ್ದೇ ಚಿಂತೆಯಾಗಿತ್ತು. ಅವಳು ಶಾಲೆಗೆ ಹೋಗುತ್ತಿದ್ದುದು ಬುಧವಾರ ಮತ್ತು ಶನಿವಾರ ಮಾತ್ರ. ಆ ಎರಡು ದಿನ ಡ್ರಾಯಿಂಗ್ ಪೀರಿಯಡ್ ಇರಬೇಕೆಂದು ಯಾರೋ ಅಂದರು, ನಾವು ತಲೆದೂಗಿದೆವು. ಹೀಗೇ ಆದರೆ ಹೆಸರು ತೆಗೆದುಹಾಕುತ್ತೇವೆಂದು ಶಾಲೆಯವರು ಹೇಳಿದ್ದರು. ಕೊನೆಗೆ, ತಾಯಿ ಹೇಗೂ ಸುಧಾರಿಸುತ್ತಿದ್ದಾಳೆ, ಆ ಮನೆಯ ನೆನಪಿನಿಂದ ಮಗುವನ್ನು ದೂರ ಮಾಡೋಣ, ಹಾಸ್ಟೆಲ್ಲಿರುವ ಶಾಲೆಗೆ ಸೇರಿಸೋಣ ಎಂದು ತೀರ್ಮಾನಿಸಿದೆವು. ಅರ್ಜಿಯನ್ನು ನಾನೇ ತುಂಬಿದೆ. ಅಪ್ಪನ ಸಹಿ ಆಗಬೇಕಿತ್ತು, ಅಷ್ಟೆ.

ಫೆಬ್ರುವರಿಯ ಒಂದು ಬುಧವಾರ ಡಾಕ್ಟರಿಗೆ ಜ್ವರ ಬಂದು ಮೀಟಿಂಗು ರದ್ದಾಯಿತು. ಸುಮ್ಮನೆ ಕೂರುವುದೇಕೆಂದು ಅರ್ಜಿ ಹಿಡಿದು ಫರೀದಾಬಾದಿಗೆ ಹೊರಟೆ. ಹೋಟೆಲಿನಲ್ಲಿ ಅವಳ ಗಂಡ ಗಿರಾಕಿಗಳ ನಡುವೆ ಬೆವರುತ್ತಾ, "ಮನೆಯಲ್ಲಿ ಕೂತಿರಿ ಮೇಡಂ, ಊಟದ ಗಲಾಟೆ ಮುಗಿಸಿ ಬರ್ತೇನೆ" ಎಂದರು. ಹೀಗೆ ನಾನು ನನ್ನದಲ್ಲದ ದಿನ ಆ ಮಹಡಿ ಹತ್ತಿದೆ.

ಬಾಗಿಲು ತಟ್ಟಿದರೆ ಸದ್ದಿಲ್ಲ. ಇನ್ನೂ ಜೋರಾಗಿ ತಟ್ಟಿದೆ. ಅಜ್ಜಿಯೇ ಮೇಲೆ ಬಂದು ಕೀಲಿ ತಿರುಗಿಸಿ, "ಸೋ ರಹೀ ಹೈ ಬೇಟಾ, ಬುಧ್ ಕೋ ಐಸೇ ಹೀ ರಹತೀ ಹೈ" ಎಂದರು. ಬುಧವಾರ ಹೀಗೇ ಮಲಗಿರುತ್ತಾಳಂತೆ. ಪರದೆ ಎಳೆದಿತ್ತು. ಹಳೆಯ ನೈಟಿಯಲ್ಲಿ, ಗಂಟುಗಟ್ಟಿದ ಕೂದಲಿನಲ್ಲಿ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿದಳು, ಏಳಲು ಮೊಣಕೈ ಊರಿದಳು, ಆಗಲಿಲ್ಲ. ನಾನು ನೆಲದ ಮೇಲೆ ಕೂತು ಅವಳ ಕೈ ಹಿಡಿದುಕೊಂಡೆ. ಎಲ್ಲೋ ದೂರದಲ್ಲಿ ಲೇತ್ ಯಂತ್ರವೊಂದು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಪರದೆಯ ಕಿತ್ತಳೆ ಬಣ್ಣ ಕೋಣೆಯಲ್ಲೆಲ್ಲ ತುಂಬಿ, ನಾವಿಬ್ಬರೂ ಅದರಲ್ಲಿ ನಿಧಾನವಾಗಿ ತೇಲುತ್ತಿರುವಂತೆ ಅನ್ನಿಸಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ನನಗೂ ಕಣ್ಣು ಹತ್ತಿತ್ತು.

ಎಚ್ಚರವಾದದ್ದು ಬಾಗಿಲ ಬಳಿ ಬ್ಯಾಗು ಬಿದ್ದ ಸದ್ದಿಗೆ. ಯೂನಿಫಾರ್ಮಿನಲ್ಲಿ ಹುಡುಗಿ ನಿಂತಿದ್ದಳು.

"ಆಂಟಿ, ಆಜ್ ತೋ ಬುಧವಾರ. ಇವತ್ತು ನಿಮ್ಮ ದಿನ ಅಲ್ಲ!"

ಅಂದವಳೇ ಬಾಚಣಿಗೆ ತಂದು ಅಮ್ಮನ ತಲೆ ಬಾಚತೊಡಗಿದಳು. ಹತ್ತು ವರ್ಷದ ಕೈಗಳು ಪಳಗಿದ ಕೈಗಳಂತೆ ಸಿಕ್ಕು ಬಿಡಿಸುತ್ತಿದ್ದವು. ಕುಂಕುಮದ ಡಬ್ಬಿ ಎಲ್ಲಿದೆ, ಸೀರೆ ಎಲ್ಲಿದೆ ಎಲ್ಲ ಗೊತ್ತು. "ಅಮ್ಮಾ ಉಠೋ ನ, ಆಂಟಿ ಬಂದಿದ್ದಾರೆ, ಪ್ಲೀಸ್" ಎಂದು ಅವಳ ಕಿವಿಯಲ್ಲಿ ಹೇಳುತ್ತಲೇ, ನನ್ನ ಕಡೆ ತಿರುಗಿ, "ಹಿಟ್ಟು ಇಲ್ಲ ಇವತ್ತು. ಸಂಡೇ ರಾತ್ ಅಕ್ಕಿ ನೆನೆಸ್ತೀನಿ ನಾನು ನಿಮಗೋಸ್ಕರ. ಮಂಗಳವಾರದ ಆಂಟಿಗೂ ನಾನೇ" ಎಂದಳು.

"ಯಾಕೆ ಪುಟ್ಟಾ?"

"ಮಲಗಿರೋದು ನೋಡಿದ್ರೆ ನೀವು ಅಮ್ಮನ್ನ ಫಿರ್ ಸೇ, ಮತ್ತೆ ಅಡ್ಮಿಟ್ ಮಾಡ್ತೀರಲ್ಲ."

ದೀಪದ ಬುಡದಲ್ಲಿ ಕತ್ತಲೆ ಎಂದು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೆನೋ. ವಾರಕ್ಕೆ ನಾಲ್ಕು ದಿನ ಈ ಮಗು ಶಾಲೆ ಬಿಟ್ಟು, ಅಮ್ಮನನ್ನು ಎಬ್ಬಿಸಿ, ಮೀಯಿಸಿ, ಅಲಂಕರಿಸಿ, ಹಿಟ್ಟು ರುಬ್ಬಿ, ನಮ್ಮೆದುರಿಗೆ ನಿಲ್ಲಿಸುತ್ತಿತ್ತು. ನಾವು ಹೋದ ಮೇಲೆ ತಾಯಿ ಪಾತ್ರೆಯನ್ನೂ ತೊಳೆಯದೆ ಬಿದ್ದುಬಿಡುತ್ತಿದ್ದಳಂತೆ. ನಾವು ಚೇತರಿಕೆಯೆಂದು ಬರೆದುಕೊಂಡದ್ದೆಲ್ಲ ಬರೀ ಅತಿಥಿ ಸತ್ಕಾರ. ಬಂದವರಿಗೆ ಉಣ್ಣಿಸದಿದ್ದರೆ ಸತ್ತಂತೆ ಎಂದೇ ನಂಬಿ ಬೆಳೆದ ಹೋಟೆಲಿನವರ ಮನೆ ಅದು ಎಂದು ತಂಡದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಚಟ್ನಿ ಇನ್ನಷ್ಟು ಹಾಕಿಸಿಕೊಂಡಿದ್ದೆ. ಅಪ್ಪ ಬಂದು ಪೆನ್ನಿಗೆ ಕೈ ಚಾಚಿದಾಗ, "ಇವತ್ತು ಬೇಡ" ಎಂದಷ್ಟೇ ಹೇಳಿ ಅರ್ಜಿಯನ್ನು ಚೀಲಕ್ಕೆ ತುರುಕಿಕೊಂಡೆ.

ಮರುದಿನವೇ ಎಲ್ಲರನ್ನೂ ಕೂರಿಸಿದೆ. ಜ್ವರದ ಡಾಕ್ಟರು ಶಾಲು ಹೊದ್ದು ಬಂದು, ಸಾಮಾಜಿಕ ಚಟುವಟಿಕೆ ರೋಗಿಗೆ ಒಳ್ಳೆಯದೇ ಎಂದು ಆರಂಭಿಸಿದರು. "ಅವಳಿಗಲ್ಲ ಡಾಕ್ಟರ್, ನಿಮ್ಮ ನಾಲಿಗೆಗೆ ಒಳ್ಳೆಯದು. ನನ್ನದಕ್ಕೂ" ಎಂದು ರೇಗಿದೆ. ಅವರು ಔಷಧಿಯ ಚೀಟಿ ತೆಗೆದು ಮೊದಲಿನಿಂದ ಓದಿದರು. ಹಾಸ್ಟೆಲಿನ ಮಾತು ಕೈಬಿಟ್ಟೆವು. ಇನ್ನು ಆ ಮನೆಗೆ ವಾರಕ್ಕೊಬ್ಬರೇ, ಅದೂ ಶಾಲೆ ಬಿಟ್ಟ ಮೇಲೆ, ನೀರು ಬಿಟ್ಟು ಏನೂ ಮುಟ್ಟಬಾರದು ಎಂದಾಯಿತು. ಅಡ್ಮಿಟ್ ಮಾಡುವುದಾದರೆ ಮೊದಲು ನಿನಗೇ ಹೇಳುತ್ತೇವೆ, ಮುಚ್ಚಿಡುವುದಿಲ್ಲ ಎಂದು ಡಾಕ್ಟರು ಸ್ವತಃ ಹೋಗಿ ಹುಡುಗಿಗೆ ಮಾತು ಕೊಟ್ಟರು. ಅವಳು ನಂಬಿದಂತೆ ಕಾಣಲಿಲ್ಲ. ನಂಬಬೇಕಾದ ಕಾರಣವೂ ಇರಲಿಲ್ಲ. ತಾಯಿಯಂತೂ ಎರಡು ವಾರ ನನ್ನೊಡನೆ ಮುನಿಸಿಕೊಂಡಳು. ಅವಳು ಕೊಟ್ಟ ಬೆಲ್ಲವನ್ನು ನಾನು ಹಿಂದಕ್ಕೆ ಸರಿಸಿದ್ದೆ. ಆದರೆ ಶಾಲೆಯ ಹಾಜರಿಯಲ್ಲಿ ಸೋಮವಾರ ತುಂಬಿತು, ಆಮೇಲೆ ಮಂಗಳವಾರ.

ಮಾರ್ಚ್ ಕೊನೆಯ ಒಂದು ಮಧ್ಯಾಹ್ನ ಹೋದಾಗ ಹುಡುಗಿಯೇ ಬಾಗಿಲು ತೆರೆದಳು. ತಾಯಿ ಮಲಗಿದ್ದಳು. ತಲೆ ಬಾಚಿರಲಿಲ್ಲ. ಕಿಟಕಿ ತೆರೆದಿತ್ತು, ಬೇವಿನ ಹೂವಿನ ವಾಸನೆ ಒಳಗೆಲ್ಲ ಸುಳಿಯುತ್ತಿತ್ತು. ನನ್ನನ್ನು ನೋಡಿ ಅವಳು ಎದ್ದೇಳಲು ಹೋಗಲಿಲ್ಲ.

"ಇವತ್ತು ಏಳ್ಲಿಕ್ಕೆ ಆಗುವುದಿಲ್ಲ ನನ್ನಿಂದ," ಎಂದಳು. "ನೀವೇ ಚಾ ಮಾಡ್ಕೊಳ್ಳಿ. ನನಗೂ ಅರ್ಧ ಲೋಟ ಕೊಡಿ."

ಹುಡುಗಿ ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಬಾಚಣಿಗೆಯ ಕಡೆ ಹೋಗಲಿಲ್ಲ. ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಾ ನಿಂತು, "ಆಂಟಿ, ನೀವು ಇಲ್ಲೇ ಇರ್ತೀರಲ್ಲ? ಮೈ ಖೇಲ್ನೇ ಜಾವೂಂ? ಆಡೋಕೆ ಹೋಗ್ಲಾ?" ಎಂದು ಕೇಳಿದಳು.

ಹೋಗು ಎಂದೆ. ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದು ಇಳಿದುಹೋಯಿತು, ಒಂದೇ ಒಂದು ಸಲವೂ ನಿಲ್ಲಲಿಲ್ಲ. ನಾನು ಅಡುಗೆಮನೆಗೆ ಹೋಗಿ, ಚಹಾ ಉಕ್ಕಿ ಚೆಲ್ಲುವವರೆಗೂ ಅಳುತ್ತಾ ನಿಂತೆ.