ತಂಗಿ ಹೇಳಿದ ಎರಡು ಊರುಗಳು

ನಾನು ಕಲಿತದ್ದು ಐದನೇ ಇಯತ್ತೆವರೆಗೆ. ತಂದೆತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಬೆಳೆಸಿದ್ದು ನಾನೇ. ಅಂಕೋಲೆಯ ಬಸ್ ನಿಲ್ದಾಣದ ಎದುರು ಹೂವು ಮಾರಿ ಅವಳನ್ನು ಕಾರವಾರದ ಕಾಲೇಜಿಗೆ ಕಳಿಸಿದೆ. ಕಳಿಸಿದೆನೇ ಹೊರತು ನಂಬಲಿಲ್ಲ.

ಅವಳು ಹತ್ತುವ ಬಸ್ಸಿಗೇ ಬೆಳಂಬಾರದ ಹೆಂಗಸೊಬ್ಬಳು ಒಣಮೀನಿನ ಬುಟ್ಟಿ ಹೊತ್ತು ಕಾರವಾರದ ಪೇಟೆಗೆ ಹೋಗುತ್ತಿದ್ದಳು. ದಿನಾ ಅವಳ ಮುಡಿಗೆ ಒಂದು ತುಂಡು ಅಬ್ಬಲಿಗೆ ಮಾಲೆ ಕೊಟ್ಟು, “ನಮ್ ಹುಡ್ಗಿ ಮೇಲೆ ಒಂದ್ ಕಣ್ಣಿರ್ಲಿ” ಅನ್ನುತ್ತಿದ್ದೆ. ತಂಗಿ ಯಾರ ಪಕ್ಕ ಕೂತಳು, ಯಾರನ್ನು ನೋಡಿ ನಕ್ಕಳು, ಎಲ್ಲವೂ ಸಂಜೆಗೆ ನನಗೆ ತಲುಪುತ್ತಿತ್ತು.

ಕೊನೆಯ ವರ್ಷ ತಂಗಿ ಎರಡು ಕಾದಂಬರಿಗಳನ್ನು ಹೋಲಿಸಿ ಪ್ರಬಂಧ ಬರೆಯುವುದಿತ್ತು. ನಾನು ಹೂವು ಕಟ್ಟುವಾಗ ಎದುರು ಕೂತು ಕತೆ ಹೇಳುತ್ತಿದ್ದಳು. ಎರಡೂ ಇನ್ನೂ ಬಾರದ ಕಾಲದ ಕತೆಗಳು. ಒಂದರಲ್ಲಿ ಬೀದಿಯ ತಿರುವಿಗೊಬ್ಬ ಕಾವಲುಗಾರ. ಯಾರು ಎಲ್ಲಿಗೆ ಹೋದರು, ಯಾರೊಡನೆ ನಿಂತರು ಎಂದು ಬರೆದುಕೊಳ್ಳುತ್ತಾನೆ. ಇನ್ನೊಂದರಲ್ಲಿ ಕಾವಲೇ ಇಲ್ಲ. ಆಳುವವರೇ ಮನೆಮನೆಗೆ ಸಿಹಿ, ಹೊಸ ಬಟ್ಟೆ ಕಳಿಸುತ್ತಾರೆ. ಊರಬಾಗಿಲು ತೆರೆದೇ ಇದ್ದರೂ ಯಾರೂ ಹೊರಗೆ ಕಾಲಿಡುವುದಿಲ್ಲ.

“ಅಕ್ಕಾ, ಯಾವ ಊರು ಕೆಟ್ಟದ್ದು ಹೇಳು.”

“ಮೊದಲ್ನೇದು. ಇನ್ನೊಂದ್ರಲ್ಲಿ ಉಂಡ್ಕಂಡು ಸುಖಾಗಿ ಇರೂಕೆ ಅವ್ರಿಗೆ ಎಂತಾ ಧಾಡಿ?”

ಅವಳು ನಕ್ಕಳು. “ನಂಗೆ ಅದೇ ಹೆದ್ರಿಕೆ. ಕಾವಲುಗಾರನ ಮೋರೆ ಆದ್ರೂ ಗೊತ್ತಿರ್ತದೆ. ಪ್ರೀತಿ ಮಾಡೇ ಕಟ್ಟಿಹಾಕಿದ್ರೆ ಬೈಯೂದು ಯಾರಿಗೆ?”

ನನ್ನ ಬೆರಳು ನಿಂತಿತು. ಹಿಂದಿನ ದಿನವಷ್ಟೇ ಅವಳಿಗೆ ಚೂಡಿದಾರದ ಬಟ್ಟೆ ತಂದಿದ್ದೆ. ಇದು ಕಾದಂಬರಿಯ ಮಾತೋ, ನನಗೇ ಆಡಿದ್ದೋ?

ಆ ಪ್ರಬಂಧ ಓದಲು ಕಾಲೇಜಿನವರು ಅವಳನ್ನು ಧಾರವಾಡದ ಗೋಷ್ಠಿಗೆ ಆರಿಸಿದರು. ಅಲ್ಲಿ ಚೆನ್ನಾಗಿ ಓದಿದರೆ ಮುಂದೆ ಎಂ.ಎ.ಗೆ ದಾರಿಯಾಗುತ್ತದೆ ಎಂದು ಅವಳ ಕಾಲು ನೆಲದ ಮೇಲಿರಲಿಲ್ಲ. ಅದೇ ವಾರ ಮೀನಿನವಳು ಹೇಳಿದಳು: “ಬಸ್ಸಲ್ಲಿ ಒಬ್ಬ ಗಡ್ಡದವ್ನ ಜೊತಿಗೆ ಒಂದೇ ಪುಸ್ತಕಕ್ಕೆ ತಲೆ ಹಾಕಂಡು ಕೂತಿತ್ತು ಮಾರಾಯ್ತಿ, ನಿನ್ ತಂಗಿ.”

ಯಾರು, ಏನು ಎಂದು ನಾನು ವಿಚಾರಿಸಲಿಲ್ಲ. ಧಾರವಾಡ ಬೇಡ ಅಂದೆ.

ಮೂರನೇ ದಿನ ಅವಳ ಮೇಷ್ಟ್ರು ನನ್ನ ಹೂವಿನ ಬುಟ್ಟಿಯ ಎದುರು ಬಂದು ನಿಂತರು. “ಪ್ರಬಂಧವನ್ನು ನಾನೇ ಕೂತು ತಿದ್ದಿಸಿದ್ದೇನೆ. ಕಳಿಸಿಕೊಡಿ, ತಾಯೀ.” ನರೆತ ಗಡ್ಡ ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಆಗಲಾದರೂ ಹೂಂ ಅನ್ನಬಹುದಿತ್ತು. ಹೂಂ ಅಂದರೆ ಮೊದಲು ಬೇಡ ಅಂದದ್ದು ಯಾಕೆಂದು ತಂಗಿಗೆ ಹೇಳಬೇಕಾಗುತ್ತಿತ್ತು. ತಲೆಯೆತ್ತದೆ, ಆಗುವುದಿಲ್ಲ ಅಂದೆ.

ಆ ಸಂಜೆ ತಂಗಿ ಅಳಲಿಲ್ಲ. “ಬೆಳಂಬಾರದವ್ಳ ಮುಡಿಯಲ್ಲಿರೂ ಹೂವು ನಿನ್ ಕೈದೇ. ನಾಕು ಹೂವಿಗೊಂದು ಮರುಗದ ಎಲೆ ಇಟ್ಟು ಕಟ್ಟೂದು ನೀನೊಬ್ಳೇ. ಮೊದಲ್ನೇ ವರ್ಷದಿಂದ್ಲೂ ನೋಡ್ತೇ ಇದ್ದೆ” ಎಂದಳು. ಮತ್ತೆ ಯಾವ ಕತೆಯನ್ನೂ ಹೇಳಲಿಲ್ಲ. ಅವಳ ಪ್ರಬಂಧವನ್ನು ಧಾರವಾಡದಲ್ಲಿ ಬೇರೊಬ್ಬಳು ಓದಿದಳು. ಎಂ.ಎ. ಮಾತು ಅಲ್ಲಿಗೇ ನಿಂತಿತು.

ಈಗ ಮದುವೆಯಾಗಿ ಕಾರವಾರದಲ್ಲಿದ್ದಾಳೆ. ಕೈಗೆ ಮೊಬೈಲು ಬಂದಾಗಿನಿಂದ, ಹೊರಗೆ ಹೊರಟಾಗಲೆಲ್ಲ ನನಗೆ ಫೋನು ಮಾಡುತ್ತಾಳೆ. ಎಲ್ಲಿಗೆ ಎಂದು ನಾನು ಒಮ್ಮೆಯೂ ಕೇಳಿದ್ದಿಲ್ಲ.

“ಅಕ್ಕಾ, ಪೇಟೆಗೆ ಹೊಂಟೆ. ಪಕ್ಕದ ಮನೆಯವ್ಳು ಜೊತಿಗೆ ಇದ್ದಾಳೆ. ಐದಕ್ಕೆ ಬತ್ತೆ.”

“ಇದ್ನೆಲ್ಲ ನಂಗೆ ಎಂತಕ್ಕೆ ಹೇಳ್ತೇ?” ಎಂದು ಒಂದು ದಿನ ಕೇಳಿಯೇಬಿಟ್ಟೆ.

“ರೂಢಿ” ಅಂದಳು.

ಆ ದನಿಯಲ್ಲಿ ಕುಟುಕಿತ್ತೋ ಇಲ್ಲವೋ, ನನಗೆ ತಿಳಿಯಲಿಲ್ಲ. ಆದರೆ ಐದು ಗಂಟೆಗೆ ಗಡಿಯಾರ ನೋಡುವುದನ್ನು ನಾನು ಇವತ್ತಿಗೂ ಬಿಟ್ಟಿಲ್ಲ.